ಎಷ್ಟು ಎಕರೆ ಪಾಚಿ?

ಮನೇಲಿ ಪಾಚಿ ಅಂದ್ರೆ ತೊಟ್ಟಿ ತಿಕ್ಕೋ ಕೆಲಸ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟಲ್ಲಿ ಅದೇ ಪಾಚಿ ಹೀರೋ. ವಿದ್ಯುತ್ ಸ್ಥಾವರದ ಹೊಗೆಯನ್ನು ಪಾಚಿ ಕೊಳಕ್ಕೆ ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಮಾಯ ಅಂತ ಗೆಳೆಯರು ಸ್ಲೈಡ್ ಮಾಡಿದ್ರು. ನಾನು ಲೆಕ್ಕ ಹಾಕೋಕೆ ಕೂತೆ.

ಒಣತೂಕದಲ್ಲಿ 1 ಕೆಜಿ ಪಾಚಿ ಬೆಳೆಯುವಾಗ ಸುಮಾರು 1.8 ಕೆಜಿ ಡೈಆಕ್ಸೈಡ್ ಹೀರುತ್ತದೆ. ತೆರೆದ ಕೊಳದಲ್ಲಿ ಚದರ ಮೀಟರಿಗೆ ದಿನಕ್ಕೆ 20 ಗ್ರಾಂ ಬಂದರೆ ಒಳ್ಳೆಯ ಬೆಳೆ. ಅಂದರೆ ಹೀರುವುದು 36 ಗ್ರಾಂ. ಈಗ ರಾಯಚೂರು ಶಾಖೋತ್ಪನ್ನ ಕೇಂದ್ರದ 210 ಮೆಗಾವಾಟ್ ಘಟಕ ಒಂದನ್ನೇ ತಗೊಳ್ಳಿ. ಕಲ್ಲಿದ್ದಲಿನ ಒಂದು ಯೂನಿಟ್ ವಿದ್ಯುತ್ತಿಗೆ ಹೆಚ್ಚುಕಡಿಮೆ 1 ಕೆಜಿ ಡೈಆಕ್ಸೈಡ್. ಘಟಕ ಇಡೀ ದಿನ ಪೂರ್ತಿ ಓಡಿದರೆ 5,000 ಟನ್. ಅಷ್ಟನ್ನೂ ಹೀರಲು ಸುಮಾರು 34,000 ಎಕರೆ ಕೊಳ ಬೇಕು! ರಾತ್ರಿ ಬಿಸಿಲಿಲ್ಲ, ಹೊಗೆ ಮಾತ್ರ ನಿಲ್ಲಲ್ಲ.

ಹೀರಿದ್ದೂ ಸಾಲವೇ. ಆ ಪಾಚಿಯಿಂದ ಡೀಸೆಲ್ ತೆಗೆದು ಸುಟ್ಟರೆ ಇಂಗಾಲ ಮತ್ತೆ ಗಾಳಿಗೆ. ಅಷ್ಟು ಪೆಟ್ರೋಲಿಯಂ ಉಳಿಯಿತು ಅನ್ನೋದಷ್ಟೇ ಲಾಭ.

ಹಾಗಂತ ಪಾಚಿ ಬಿಡೋದು ಬೇಡ. ಕೊಳಚೆ ನೀರಿನ ಸಾರಜನಕ, ರಂಜಕವನ್ನೇ ಗೊಬ್ಬರ ಮಾಡಿಕೊಂಡು ಅದು ಬೆಳೆಯುತ್ತೆ, ನೀರೂ ಶುದ್ಧವಾಗುತ್ತಾ ಹೋಗುತ್ತೆ. ಅದಕ್ಕೇ ವಿಷಯ ಬದಲಿಸಿ ಹಾಸ್ಟೆಲ್ ಕೊಳಚೆ ನೀರು ತಗೊಳ್ಳೋಣ ಅಂದೆ. "ಭೂಮಿ ಉಳಿಸ್ತೀವಿ ಅಂದ್ರೆ ಮಾರ್ಕ್ಸ್ ಬರುತ್ತೆ, ಚರಂಡಿ ಅಂದ್ರೆ ಯಾರು ಕೊಡ್ತಾರೋ?" ಅಂದ ಒಬ್ಬ.

ಬರದಿದ್ರೂ ಪರವಾಗಿಲ್ಲ. ರಿವ್ಯೂನಲ್ಲಿ ಯಾರಾದ್ರೂ "ಎಷ್ಟು ಎಕರೆ?" ಅಂತ ಕೇಳಿದ್ರೆ ನಾವು ತಲೆ ಎತ್ತಿ ಉತ್ತರ ಕೊಡೋ ಹಾಗಿರಬೇಕಲ್ವಾ?