ಹಿನ್ನೀರಿನಾಚೆ ಒಂದು ಮಧ್ಯಾಹ್ನ

ಸಾಗರದಿಂದ ತುಮರಿಗೆ ಹೋಗುವವರು ಈಗ ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾಯಬೇಕಾಗಿಲ್ಲ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಶರಾವತಿ ಹಿನ್ನೀರಿನ ಮೇಲೆ ಸುಮಾರು 2.4 ಕಿ.ಮೀ. ಉದ್ದದ ಸೇತುವೆ 2025ರ ಜುಲೈನಲ್ಲಿ ತೆರೆಯಿತು. ಸಿಗಂದೂರಿನ ಭಕ್ತರಿಗೆ ಅದು ಅನುಕೂಲ, ಊರಿನವರಿಗೆ ಬಿಡುಗಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಮೇಲೆ ಗದ್ದೆ, ಮನೆ ಮುಳುಗಿ, ಉಳಿದ ಹಳ್ಳಿಗಳು ನೀರಿನಾಚೆ ಸಿಕ್ಕಿಕೊಂಡವು. ಊರಿನವರೇ ಅದನ್ನು ದ್ವೀಪ ಎನ್ನುತ್ತಿದ್ದರು. ಸಂಜೆಯ ಕಡೆಯ ಲಾಂಚ್ ಹೋಯಿತೆಂದರೆ, ರಾತ್ರಿ ಹೆರಿಗೆ ನೋವು ಬಂದವಳಿಗೂ ಹಾವು ಕಚ್ಚಿದವನಿಗೂ ಕಾಡಿನ ಬಳಸುದಾರಿಯೇ ಗತಿ. ಇಂಥ ಕಡೆ ಬಂದು ‘ಅಬ್ಬ, ಎಷ್ಟು ಪ್ರಶಾಂತ!’ ಎನ್ನುವ ಪೇಟೆಯವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸೇತುವೆ ಬಂತೆಂದು ಎಲ್ಲ ದೂರವೂ ಕಡಿಮೆಯಾಗಿಲ್ಲ. ಇಲ್ಲಿ ಒಂದು ಮನೆಯಿಂದ ಕೂಗಿದರೆ ಇನ್ನೊಂದಕ್ಕೆ ಕೇಳುವುದಿಲ್ಲ. ಜಡಿಮಳೆ ಹಿಡಿದಾಗ ಮನೆಯವರದಲ್ಲದ ಮುಖ ಕಾಣದೆ ದಿನಗಳು ಕಳೆಯುವುದುಂಟು. ಮಕ್ಕಳು ಬೆಂಗಳೂರು ಸೇರಿದ ಮನೆಗಳ ಪಾಡಂತೂ ಹೇಳುವುದೇ ಬೇಡ. ಒಲೆ, ಕೊಟ್ಟಿಗೆ, ತೋಟ ಎಂದು ದಿನವಿಡೀ ಸುತ್ತುವ ಹೆಂಗಸು ತನಗೆಂದು ಹೊತ್ತನ್ನು ಎಲ್ಲಿಂದ ತರಬೇಕು?

ದೀವರ ಹೆಂಗಸರು ಅದನ್ನು ಹಬ್ಬದ ಹೆಸರಿನಲ್ಲಿ ದಕ್ಕಿಸಿಕೊಂಡಿದ್ದಾರೆ ಎಂದು ನನ್ನ ಎಣಿಕೆ. ಆಶ್ವೀಜದಲ್ಲಿ ಬರುವ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಯೊಂದಿದೆ. ಅದಕ್ಕೆ ಕೆಮ್ಮಣ್ಣು ಬಳಿದು, ನೆನೆಸಿ ಅರೆದ ಅಕ್ಕಿಯ ಹಿಟ್ಟಿನಲ್ಲಿ ಪುಂಡಿನಾರಿನ ಕುಂಚ ಅದ್ದಿ ಚಿತ್ತಾರ ಬರೆಯುತ್ತಾರೆ. ಗೆರೆಗಳು ಎಳೆ ಎಳೆಯಾಗಿ ಬರಬೇಕು. ಕೈ ಅಲುಗಿದರೆ ಕೆಟ್ಟಿತು.

ನಾನು ಹೋದಾಗ ಒಬ್ಬ ತಾಯಿ ಊಟದ ಪಾತ್ರೆಗಳನ್ನು ತೊಳೆಯದೆ ಬದಿಗಿಟ್ಟು, ಜಗಲಿಯಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹಬ್ಬಕ್ಕಿನ್ನೂ ದಿನವಿತ್ತು.

‘‘ಇದಕ್ಕೆ ಒಂದೆರಡು ದಿನ ಸಾಕಲ್ಲವೇ ಅಮ್ಮಾ?’’ ಎಂದೆ.

‘‘ಸಾಕು ಮಾರಾಯ್ರೆ. ಆದ್ರೆ ಬುಟ್ಟಿ ಹಿಡಿದು ಕೂತ್ರೆ ನನ್ನನ್ನ ಯಾರೂ ಕರೆಯೋದಿಲ್ಲ’’ ಎಂದು ನಕ್ಕರು. ಒಳಗೆ ಯಜಮಾನರು ತಾವೇ ಚಹಾ ಕಾಯಿಸುತ್ತಿದ್ದರು. ಸಕ್ಕರೆ ಡಬ್ಬ ಎಲ್ಲಿದೆ ಎಂದು ಕೇಳಲು ಬಾಗಿಲವರೆಗೆ ಬಂದವರು, ಹೆಂಡತಿಯ ಕೈಯಲ್ಲಿ ಕುಂಚ ಕಂಡು ಹಾಗೇ ಹಿಂದಿರುಗಿದರು.

ಗುಡ್ಡದಾಚೆಯ ಮನೆಯಾಕೆಯೂ ಕೆಲವು ಮಧ್ಯಾಹ್ನ ತನ್ನ ಬುಟ್ಟಿ ಹೊತ್ತು ಬರುತ್ತಾಳಂತೆ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲವಂತೆ, ಬರೆಯುತ್ತಾರಂತೆ. ಈಗ ಸೇತುವೆಯಾಗಿದೆ, ಈ ಸಲ ಹೊಳೆಯಾಚೆಯಿಂದ ತಂಗಿಯೂ ಬರುತ್ತೇನೆಂದಿದ್ದಾಳೆ. ಅವಳಿಗೆಂದು ಕೆಮ್ಮಣ್ಣು ಬಳಿದ ಇನ್ನೊಂದು ಬುಟ್ಟಿ ಜಗಲಿಯ ಮೂಲೆಯಲ್ಲಿ ಒಣಗುತ್ತಿತ್ತು.