ಕೊಂಡಿಗಳ ಅಂಗಿಯೂ ಅಷ್ಟಾವರಣವೂ

ಶ್ರೀ ಗುರುಬಸವಲಿಂಗಾಯ ನಮಃ



ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಎಂಟನ್ನು ಎಣಿಸಿ, ಇವು ಭಕ್ತನ ರಕ್ಷಾಕವಚಗಳು ಎಂದು ಒಂದು ಮಾತು ಹೇಳಿ ಮುಂದಿನ ವಿಷಯಕ್ಕೆ ಹೋಗುವುದು ನಮ್ಮ ಪ್ರವಚನಗಳ ವಾಡಿಕೆ. ಶಬ್ದಾರ್ಥದ ದೃಷ್ಟಿಯಿಂದ ಈ ಮಾತು ಸಾಧುವಾದುದೇ. ಮುಚ್ಚು, ಸುತ್ತುವರಿ ಎಂಬರ್ಥದ ಸಂಸ್ಕೃತದ 'ವೃ' ಧಾತುವಿನಿಂದಲೇ 'ಆವರಣ'ವೂ ಬಂದಿದೆ, ಯೋಧನ ಕವಚವನ್ನು ಹೇಳುವ 'ವರ್ಮ'ವೂ ಬಂದಿದೆ. ನಮ್ಮ ಹಳೆಯ ಕಾವ್ಯಗಳಲ್ಲಿ ಕವಚಕ್ಕೆ ಜೋಡು, ವಜ್ರಾಂಗಿ ಎಂಬ ಹೆಸರುಗಳೂ ಉಂಟು. ಆದರೆ ಕವಚವೆಂಬ ಹೋಲಿಕೆಯನ್ನು ಬಳಸುವ ನಾವು ಕವಚವೆಂದರೇನು, ಅದು ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ ಎಂಬುದನ್ನು ವಿಚಾರಿಸುವುದು ಅಪರೂಪ. ನನ್ನನ್ನು ಆ ವಿಚಾರಕ್ಕೆ ಹಚ್ಚಿದುದು ಗ್ರಂಥವಲ್ಲ, ಕೈಕೆಲಸ.

ಹಲವು ವರ್ಷಗಳ ಹಿಂದೆ, ಎಂ.ಎ. ವಿದ್ಯಾರ್ಥಿಯಾಗಿದ್ದಾಗ, ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಆಯುಧಗಳ ವಿಭಾಗದಲ್ಲಿ ಕಬ್ಬಿಣದ ಕೊಂಡಿಗಳಿಂದ ಹೆಣೆದ ಅಂಗಿಗಳನ್ನು ಕಂಡೆ. ದೂರದಿಂದ ನೋಡಿದರೆ ಬಟ್ಟೆ. ಹತ್ತಿರ ಹೋದರೆ ಸಾವಿರಾರು ಸಣ್ಣ ಬಳೆಗಳು. ನೇಯ್ಗೆಯೋ ಕಮ್ಮಾರಿಕೆಯೋ ಎಂದು ನಿರ್ಧರಿಸಲಾಗದ ಆ ವಸ್ತು ನನ್ನ ಮನಸ್ಸಿನಲ್ಲಿ ಉಳಿಯಿತು. ಶ್ರೀಮಠದಲ್ಲಿ ವಚನಗಳ ಪಾಠ ಹೊಂದಿಸುವ, ಕರಡು ತಿದ್ದುವ ಕೆಲಸಕ್ಕೆ ಸೇರಿದ ಮೇಲೆ, ದಿನವಿಡೀ ಅಕ್ಷರಗಳನ್ನೇ ನೋಡಿ ದಣಿದ ಕಣ್ಣಿಗೆ ಬೇರೆ ಏನಾದರೂ ಬೇಕೆನಿಸಿತು. ನಂಜನಗೂಡಿನ ಕಬ್ಬಿಣದ ಅಂಗಡಿಯಿಂದ ಬೇಲಿಗೆ ಬಳಸುವ ಸತುವು ಲೇಪಿತ ತಂತಿಯನ್ನು ತಂದೆ. ಎರಡು ಇಕ್ಕಳ, ಒಂದು ಕತ್ತರಿ, 8 ಮಿಲಿಮೀಟರ್ ದಪ್ಪದ ಒಂದು ಕಬ್ಬಿಣದ ಸರಳು, ಇಷ್ಟೇ ಸಲಕರಣೆ. ಕಳಲೆಯ ನಮ್ಮ ಮನೆಯ ಜಗಲಿಯಲ್ಲಿ ರಾತ್ರಿ ಊಟವಾದ ಮೇಲೆ ಒಂದು ಗಂಟೆ ಕುಳಿತುಕೊಳ್ಳುವುದು ಅಂದಿನಿಂದ ರೂಢಿಯಾಯಿತು.

ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮುಂದಿನ ಮಾತು ಅದರ ಮೇಲೆಯೇ ನಿಂತಿದೆ. ತಂತಿಯನ್ನು ಸರಳಿಗೆ ಒತ್ತಾಗಿ ಸುತ್ತಿದರೆ ಉದ್ದನೆಯ ಸುರುಳಿಯಾಗುತ್ತದೆ. ಅದನ್ನು ಒಂದು ಬದಿಯಲ್ಲಿ ಕತ್ತರಿಸುತ್ತ ಹೋದರೆ ಬಿಡಿಬಿಡಿ ಬಳೆಗಳು ಉದುರುತ್ತವೆ. ತಂತಿಯ ದಪ್ಪ 1.6 ಮಿಲಿಮೀಟರ್, ಬಳೆಯ ಒಳವ್ಯಾಸ 8 ಮಿಲಿಮೀಟರ್, ಅಂದರೆ ದಪ್ಪದ 5 ಪಟ್ಟು. ಈ ಪ್ರಮಾಣ ಬಹಳ ಕಿರಿದಾದರೆ ಒಂದು ಬಳೆಯೊಳಗೆ ಉಳಿದವು ತೂರುವುದಿಲ್ಲ. ಬಹಳ ಹಿರಿದಾದರೆ ಅಂಗಿ ಜಾಳುಜಾಳಾಗಿ ಬಲೆಯಂತಾಗುತ್ತದೆ. ಹೆಣಿಗೆಯ ಮೂಲ ನಿಯಮ ಒಂದೇ: ಪ್ರತಿಯೊಂದು ಕೊಂಡಿಯೂ ತನ್ನ ಸುತ್ತಲಿನ ನಾಲ್ಕು ಕೊಂಡಿಗಳನ್ನು ಹಿಡಿದಿರಬೇಕು. ನಾಲ್ಕು ಮುಚ್ಚಿದ ಬಳೆಗಳನ್ನು ಒಂದು ತೆರೆದ ಬಳೆಗೆ ಪೋಣಿಸಿ ಅದನ್ನು ಮುಚ್ಚುವುದು, ಹಾಗೆಯೇ ಮುಂದುವರಿಯುವುದು. ಬಳೆಯನ್ನು ತೆರೆಯುವಾಗ ತುದಿಗಳನ್ನು ಎಡಕ್ಕೂ ಬಲಕ್ಕೂ ಹಿಗ್ಗಿಸಬಾರದು. ಹಾಗೆ ಮಾಡಿದರೆ ಅದು ಮತ್ತೆ ದುಂಡಗಾಗದು. ಒಂದು ತುದಿಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಚಿ ತೆರೆಯಬೇಕು, ಹಾಗೆಯೇ ಮುಚ್ಚಬೇಕು.

ಒಂದು ಕಿಲೋಗ್ರಾಂ ತಂತಿಯಲ್ಲಿ ಇಂಥ 2,100 ಬಳೆಗಳಾಗುತ್ತವೆ. ಗೇಣಗಲ ಗೇಣುದ್ದದ ಒಂದು ಚೌಕಕ್ಕೆ ಐದುನೂರರ ಸುಮಾರು ಬೇಕು. ತೋಳಿರುವ ಪೂರ್ಣ ಅಂಗಿಗೆ 20,000ಕ್ಕೂ ಮಿಗಿಲು. ತೂಕ ಹತ್ತು ಕಿಲೋ ಸಮೀಪಿಸುತ್ತದೆ. ನನ್ನ ಕೈಗೆ ಗಂಟೆಗೆ ಇನ್ನೂರು ಕೊಂಡಿ ಸಾಗಿದರೆ ಅದು ಒಳ್ಳೆಯ ದಿನ. ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ತಿರುಚಿ ಮುಚ್ಚಿದ ಬಳೆಯಲ್ಲಿ ಎರಡು ತುದಿಗಳು ಪರಸ್ಪರ ತಾಗಿರುತ್ತವೆಯೇ ಹೊರತು ಕೂಡಿರುವುದಿಲ್ಲ. ನೋಟಕ್ಕೆ ಭೇದವಿಲ್ಲ, ಆದರೆ ಬಲವಾಗಿ ಇರಿದರೆ ಬಳೆ ಬಾಯಿ ಬಿಡುತ್ತದೆ. ಆದುದರಿಂದ ಯುದ್ಧಕ್ಕೆಂದೇ ಮಾಡಿದ ಹಳೆಯ ಅಂಗಿಗಳಲ್ಲಿ ತುದಿಗಳನ್ನು ಚಪ್ಪಟೆ ಮಾಡಿ, ಒಂದರ ಮೇಲೊಂದು ಇಟ್ಟು, ರಂಧ್ರ ಕೊರೆದು, ಸೂಜಿಯ ಮೊನೆಯಷ್ಟು ಸಣ್ಣ ಮೊಳೆ ಬಡಿಯುತ್ತಿದ್ದರು. ಇಪ್ಪತ್ತು ಸಾವಿರ ಬಳೆಗಳಿಗೆ ಅಷ್ಟೇ ಮೊಳೆಗಳು! ಶ್ರಮ ತಗ್ಗಿಸಲು ಒಂದು ಸಾಲನ್ನು ಮೊಳೆಯ ಬಳೆಗಳಿಂದಲೂ ಮತ್ತೊಂದನ್ನು ತಗಡಿನಿಂದ ಇಡಿಯಾಗಿ ಕೊರೆದ ಬಳೆಗಳಿಂದಲೂ ಮಾಡುವುದುಂಟು. ಮೊಳೆಯಿಲ್ಲದೆ, ಹಿತ್ತಾಳೆ ತಾಮ್ರಗಳ ಬಳೆಗಳನ್ನು ನಡುನಡುವೆ ಸೇರಿಸಿ ಚಿತ್ತಾರ ಮೂಡಿಸಿದ ಅಂಗಿಗಳು ನಮ್ಮ ದೇಶದಲ್ಲಿ ತೀರ ಈಚಿನವು. ಅವು ದರ್ಬಾರಿನ ವೈಭವಕ್ಕೆ ಸಲ್ಲುವಂಥವು. ನನ್ನದೂ ಆ ಜಾತಿಯದೇ, ವೈಭವವೊಂದನ್ನು ಬಿಟ್ಟು.

ಕನ್ನಡ ನಾಡಿಗೆ ಈ ವಿದ್ಯೆ ಅಪರಿಚಿತವೇನಲ್ಲ. ವಿಜಾಪುರದ ಆದಿಲಶಾಹಿಗಳ ಸೈನಿಕರು ಕೊಂಡಿಯ ಅಂಗಿಗಳನ್ನೂ, ಕೊಂಡಿಗಳ ನಡುವೆ ಉಕ್ಕಿನ ಫಲಕ ಕೂಡಿಸಿದ ಕವಚಗಳನ್ನೂ ತೊಡುತ್ತಿದ್ದರು. ಆದವಾನಿಯ ಕೋಟೆ ಮೊಗಲರ ವಶವಾದ ಮೇಲೆ, 1689ರಲ್ಲಿ, ಅಲ್ಲಿನ ಆಯುಧಗಳೂ ಕವಚಗಳೂ ಅನೂಪಸಿಂಹನ ಮೂಲಕ ಬಿಕಾನೇರಿಗೆ ಹೋದವು. ಇತ್ತ ವಿಜಯನಗರದಲ್ಲಿ, 1520ರ ಸುಮಾರಿಗೆ ಬಂದ ಡೊಮಿಂಗೊ ಪಯಸ್ ಎಂಬ ಪೋರ್ಚುಗೀಸನು ಹೆಚ್ಚಾಗಿ ವರ್ಣಿಸಿರುವುದು ಒಳಗೆ ಹತ್ತಿ ತುಂಬಿ ಹೊಲಿದ ದಪ್ಪನೆಯ ಅಂಗಿಗಳನ್ನು. ನಮ್ಮ ಬಿಸಿಲಿಗೆ ಅದೇ ವಿವೇಕವೆಂದು ಏಪ್ರಿಲ್ ತಿಂಗಳಲ್ಲಿ ಅರ್ಧ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ನೋಡಿದ ನಾನು ಬಲ್ಲೆ.

ಇನ್ನು ಕಳಲೆಯ ಮಾತು. ಈ ಊರು ಮೈಸೂರಿಗೆ ದಳವಾಯಿಗಳನ್ನು ಕೊಟ್ಟ ಊರು. ಲಕ್ಷ್ಮೀಕಾಂತಸ್ವಾಮಿಯ ಗುಡಿಯ ಮುಂದೆ ನಿಂತರೆ ಇಂದು ಕೇಳುವುದು ಗಿಳಿ ಪಾರಿವಾಳಗಳ ಸದ್ದು. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಇಡೀ ಸಂಸ್ಥಾನದ ಸೈನ್ಯವೂ ಬೊಕ್ಕಸವೂ ಈ ಮನೆತನದ ದೇವರಾಜಯ್ಯ, ನಂಜರಾಜಯ್ಯ ಎಂಬ ಸೋದರರ ಕೈಯಲ್ಲಿದ್ದವು. ನಂಜರಾಜಯ್ಯನು ಶಿವಭಕ್ತ, ಕನ್ನಡದಲ್ಲಿ 'ಕಕುದ್ಗಿರಿ ಮಾಹಾತ್ಮ್ಯ' ರಚಿಸಿದವನು. ನೃಸಿಂಹಕವಿಯು ಅವನ ಹೆಸರಿನಲ್ಲಿ 'ನಂಜರಾಜಯಶೋಭೂಷಣ'ವೆಂಬ ಅಲಂಕಾರಗ್ರಂಥವನ್ನೇ ಬರೆದನು. ಅಂಥವನು ಮಹಮದಾಲಿಯ ಮಾತನ್ನು ನಂಬಿ ತಿರುಚಿನಾಪಳ್ಳಿಗೆ ದಂಡೆತ್ತಿ ಹೋಗಿ, ವರ್ಷಗಟ್ಟಲೆ ಹಣವನ್ನೂ ಜನರನ್ನೂ ಕಳೆದು, 1755ರಲ್ಲಿ ಬರಿಗೈಯಲ್ಲಿ ಹಿಂದಿರುಗಿದನು. ಅವನ ಕೈಕೆಳಗೆ ಮೇಲೆ ಬಂದ ಹೈದರನು 1761ರ ಹೊತ್ತಿಗೆ ರಾಜ್ಯದ ಒಡೆತನವನ್ನೇ ಹಿಡಿದನು. ದಳವಾಯಿಯನ್ನು ಕೆಡವಿದುದು ಶತ್ರುವಿನ ಈಟಿಯಲ್ಲ. ಈ ಊರಿನಲ್ಲಿ ಕುಳಿತು ಕವಚ ಹೆಣೆಯುವವನಿಗೆ ಈ ಸಂಗತಿ ನೆನಪಾಗದೆ ಇರುವುದಿಲ್ಲ.

ಎರಡು ವರ್ಷಗಳ ಹಿಂದಿನ ಶ್ರಾವಣದಲ್ಲಿ, ಸಮೀಪದ ಒಂದು ಹಳ್ಳಿಯಲ್ಲಿ ಅಷ್ಟಾವರಣದ ಬಗ್ಗೆ ಮಾತನಾಡುವ ಸಂದರ್ಭ ಒದಗಿತು. ನಾನೂ ವಾಡಿಕೆಯಂತೆ ಎಂಟು ಕವಚಗಳೆಂದೆ. ಮಂಗಳವಾದ ಮೇಲೆ ಐವತ್ತು ದಾಟಿದ ತಾಯಿಯೊಬ್ಬರು ಕಂಬಕ್ಕೆ ಒರಗಿ ನಿಂತಿದ್ದರು. ಎಲ್ಲರೂ ಪ್ರಸಾದಕ್ಕೆ ಎದ್ದ ಮೇಲೆ ಹತ್ತಿರ ಬಂದು, ತಮ್ಮ ಮಗ ದಿನವೂ ಲಿಂಗಪೂಜೆ ಮಾಡಿಯೇ ಹೊರಡುತ್ತಿದ್ದನೆಂದೂ, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಎದೆಯ ಮೇಲೆ ಕರಡಿಗೆ ಎಲ್ಲವೂ ಇದ್ದವೆಂದೂ, ಹಾಗಿರುವಾಗಲೇ ಮೈಸೂರಿನ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡನೆಂದೂ ಹೇಳಿದರು. "ಕವಚ ಅಂದ್ರಲ್ಲ ಸ್ವಾಮಿ, ಅದು ಎಲ್ಲಿ ತೂತಾಗಿತ್ತು ಹೇಳಿ" ಎಂದು ಕೇಳಿದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು.

ಕರ್ಮ, ಋಣ, ಆಯುಷ್ಯ ಎಂದು ಹೇಳಲು ಸಿದ್ಧವಾದ ಉತ್ತರಗಳಿವೆ. ಅವುಗಳಲ್ಲಿ ಯಾವುದೂ ಆ ತಾಯಿಯ ಮುಂದೆ ಹೇಳತಕ್ಕದ್ದೆಂದು ನನಗೆ ತೋರಲಿಲ್ಲ, ಈಗಲೂ ತೋರುವುದಿಲ್ಲ. ಕವಚದಲ್ಲಿ ತೂತಿತ್ತೆಂದರೆ ಮಗನ ಭಕ್ತಿಯಲ್ಲಿ ಕೊರತೆಯಿತ್ತೆಂದಂತೆ. ತೂತಿರಲಿಲ್ಲವೆಂದರೆ ಕವಚವೆಂಬ ನಮ್ಮ ಮಾತೇ ಬರಿಯ ಅಲಂಕಾರವೆಂದಂತೆ. "ಯೋಚಿಸಿ ಹೇಳುತ್ತೇನೆ ತಾಯಿ" ಎಂದೆ. ಅವರು ತಲೆಯಾಡಿಸಿ ಹೋದರು.

ಆಮೇಲೆ ಅನೇಕ ರಾತ್ರಿಗಳು ಕೊಂಡಿ ಮುಚ್ಚುತ್ತ ಇದೇ ಪ್ರಶ್ನೆಯನ್ನು ಮಗುಚಿ ಹಾಕಿದೆ. ಕೊಂಡಿಯ ಅಂಗಿ ಕತ್ತಿಯ ಅಲಗನ್ನು ತಡೆಯುತ್ತದೆ. ಅಲಗು ಅದರ ಮೇಲೆ ಜಾರುತ್ತದೆ. ಆದರೆ ಗದೆಯ ಪೆಟ್ಟನ್ನು ಅದು ತಡೆಯದು. ಅಂಗಿ ಹರಿಯದೆ ಇದ್ದಾಗಲೂ ಒಳಗಿನ ಮೂಳೆ ಮುರಿಯುತ್ತದೆ. ಅದಕ್ಕಾಗಿಯೇ ಕಬ್ಬಿಣದ ಕೆಳಗೆ ಹತ್ತಿಯ ದಪ್ಪ ಅಂಗಿಯನ್ನು ತೊಡುವುದು ಅನಿವಾರ್ಯವಾಗಿತ್ತು. ಪೆಟ್ಟನ್ನು ಹೀರಿಕೊಳ್ಳುತ್ತಿದ್ದುದು ಆ ಹತ್ತಿ. ಗಾಯವೇ ಆಗದಂತೆ ಮಾಡುವ ಕವಚವನ್ನು ಯಾವ ಕವಚಗಾರನೂ ಮಾಡಲಿಲ್ಲ.

ನಮ್ಮ ಶರಣರ ಚರಿತ್ರೆಯನ್ನಾದರೂ ನೋಡೋಣ. ಅಷ್ಟಾವರಣ ಷಟ್‌ಸ್ಥಲಗಳನ್ನು ಶಾಸ್ತ್ರವಾಗಿ ಅಳವಡಿಸಿದ ಚೆನ್ನಬಸವಣ್ಣನವರು ಕಲ್ಯಾಣದ ಕ್ರಾಂತಿಯ ನಂತರ ಶರಣರೊಂದಿಗೆ ಕಾಡುದಾರಿಯಲ್ಲಿ ಉಳವಿಯ ಕಡೆಗೆ ಸಾಗಬೇಕಾಯಿತು. ಹರಳಯ್ಯ ಮಧುವಯ್ಯನವರಿಗೆ ಒದಗಿದ ಶಿಕ್ಷೆ ಎಲ್ಲರಿಗೂ ತಿಳಿದುದೇ. ಇವರಲ್ಲಿ ಯಾರ ಆವರಣದಲ್ಲಿ ತೂತು ಹುಡುಕೋಣ? ಅಕ್ಕಮಹಾದೇವಿಯವರಂತೂ ಉಟ್ಟ ಬಟ್ಟೆಯನ್ನೂ ತೊರೆದು ಕಲ್ಯಾಣಕ್ಕೆ ಬಂದವರು. ಅಂಗವನ್ನು ಪೆಟ್ಟಿನಿಂದ ಪಾರುಮಾಡುವುದೇ ಆವರಣದ ಕೆಲಸವಾಗಿದ್ದಲ್ಲಿ ಅವರಷ್ಟು ಅರಕ್ಷಿತರು ಮತ್ತೊಬ್ಬರಿಲ್ಲ. ಅವರನ್ನು ಅರಕ್ಷಿತರೆಂದು ಯಾರೂ ಕರೆಯಲಿಲ್ಲ. ಆದುದರಿಂದ ಆವರಣವೆಂಬುದು ಆಪತ್ತಿನ ವಿರುದ್ಧದ ಭರವಸೆಯ ಪತ್ರವೆಂದು ಬೋಧಿಸುವುದನ್ನು ನಾವು ನಿಲ್ಲಿಸಬೇಕೆಂಬುದು ನನ್ನ ಅಭಿಪ್ರಾಯ. ಅದು ಸುಖದ ದಿನಗಳಲ್ಲಿ ಕೇಳಲು ಇಂಪು, ದುಃಖದ ದಿನ ಬಂದಾಗ ಕ್ರೌರ್ಯ.

ಇನ್ನೊಂದು ಸಂಗತಿಯನ್ನು ಕೈಯೇ ತಿಳಿಸಿಕೊಟ್ಟಿತು. ಹೆಣೆದ ತುಂಡನ್ನು ಮೊಳೆಗೆ ತೂಗುಹಾಕಿ ಕೆಳಗಿನ ಒಂದೇ ಕೊಂಡಿಯನ್ನು ಹಿಡಿದು ಜಗ್ಗಿದರೆ, ಆ ಕೊಂಡಿಯೊಂದೇ ಜಗ್ಗುವುದಿಲ್ಲ. ಅದರ ನೆರೆಯವು ಬಾಗುತ್ತವೆ, ಅವುಗಳ ನೆರೆಯವೂ ಬಾಗುತ್ತವೆ. ಗೇಣುದೂರದ ಸಾಲಿನವರೆಗೆ ಎಳೆತ ಹರಡಿ ಕಾಣದಾಗುತ್ತದೆ. ಬಿಡಿ ಬಳೆಯನ್ನು ಅದೇ ಬಲದಿಂದ ಎಳೆದರೆ ಅದು ಬಾಯಿ ತೆರೆದು ಬೀಳುತ್ತದೆ. ಎಂಟು ಆವರಣಗಳಲ್ಲಿ ವಿಭೂತಿ ರುದ್ರಾಕ್ಷಿಗಳು ನಾವು ಒಬ್ಬೊಬ್ಬರೇ ಧರಿಸುವಂಥವು. ಆದರೆ ಜಂಗಮವೆಂಬುದು ಹಾಗಲ್ಲ, ಪ್ರಸಾದವೂ ಹಾಗಲ್ಲ. ಬಾಗಿಲಿಗೆ ಬರುವ, ಜೊತೆಯಲ್ಲಿ ಕುಳಿತು ಉಣ್ಣುವ ಮತ್ತೊಬ್ಬರಿಲ್ಲದೆ ಅವೆರಡೂ ಸಿದ್ಧಿಸುವುದಿಲ್ಲ. ಇವುಗಳನ್ನು ಆವರಣವೆಂದು ಎಣಿಸಿದವರು ಮನುಷ್ಯರನ್ನೇ ಆವರಣವೆಂದು ಎಣಿಸಿದರು.

ಮರುವರ್ಷ ಆ ತಾಯಿ ಮಗನ ಸ್ಮರಣೆಯ ದಾಸೋಹಕ್ಕೆ ಅಕ್ಕಿ ಬೇಳೆ ಒಪ್ಪಿಸಲು ಮಠಕ್ಕೆ ಬಂದಿದ್ದರು. ಚೀಲದಲ್ಲಿದ್ದ ಹೆಣಿಗೆಯ ತುಂಡನ್ನು ಅವರ ಕೈಗೆ ಕೊಟ್ಟು, ನನಗೆ ತಿಳಿದಷ್ಟನ್ನು ಹೇಳಿದೆ. ಮಗನ ಕವಚದಲ್ಲಿ ತೂತಿರಲಿಲ್ಲವೆಂದೂ, ಅದು ಲಾರಿಯನ್ನು ತಡೆಯುವಂಥದಲ್ಲವೆಂದೂ, ಪೆಟ್ಟು ಈಗ ಬಿದ್ದಿರುವುದು ಅವರ ಮೇಲೆಯೆಂದೂ, ಆ ಎಳೆತವನ್ನು ಹಿಡಿಯಬೇಕಾದವರು ನಾವೆಲ್ಲರೂ ಎಂದೂ ಹೇಳಿದೆ. ಅವರು ಒಂದು ಕೊಂಡಿಯನ್ನು ಹಿಡಿದು ಎಳೆದೆಳೆದು ನೋಡಿದರು. ಮಗ ಹೋದ ಮೇಲೆ ತಿಂಗಳ ಕಾಲ ನೆರೆಮನೆಯವರೇ ಹಾಲು ಕರೆದು, ಒಲೆ ಹಚ್ಚಿಕೊಟ್ಟರೆಂದು ನೆನಪಿಸಿಕೊಂಡರು. ಅನಂತರ, "ಇರಬಹುದು. ಆದ್ರೂ ಅವ ಇರಬೇಕಿತ್ತು" ಎಂದು ತುಂಡನ್ನು ಹಿಂದಿರುಗಿಸಿದರು. ಅದಕ್ಕೆ ಪ್ರತಿಯಾಗಿ ಹೇಳುವಂಥದು ವಚನ ವಾಙ್ಮಯದಲ್ಲಿಯೂ ಇಲ್ಲ, ಇರಬೇಕಾದುದೂ ಇಲ್ಲ.

ಈ ಹವ್ಯಾಸವನ್ನು ಕಾಯಕವೆನ್ನಬಹುದೇ ಎಂದು ಮಿತ್ರರು ಕೇಳುವುದುಂಟು. ಖಂಡಿತ ಇಲ್ಲ. ನುಲಿಯ ಚಂದಯ್ಯನವರು ಹುಲ್ಲು ಕೊಯ್ಯುತ್ತಿದ್ದಾಗ ಇಷ್ಟಲಿಂಗ ಜಾರಿ ನೀರಿಗೆ ಬಿದ್ದರೂ ಕೆಲಸ ಬಿಡಲಿಲ್ಲವೆಂಬ ಪ್ರಸಂಗವನ್ನು ಉದಾಹರಿಸಿ, ತಾವು ಮಾಡುವ ಎಲ್ಲವನ್ನೂ ಕಾಯಕವೆಂದು ಕರೆದುಕೊಳ್ಳುವವರು ಇಂದು ಹೆಚ್ಚುತ್ತಿದ್ದಾರೆ. ಚಂದಯ್ಯನವರು ಹೊಸೆದ ಹಗ್ಗ ಮಾರಾಟವಾಗಿ ಜಂಗಮರ ಊಟವಾಗುತ್ತಿತ್ತು ಎಂಬ ಅರ್ಧವನ್ನು ಅವರು ಮರೆಯುತ್ತಾರೆ. ಯಾರಿಗೂ ಬೇಡದ ಹತ್ತು ಕಿಲೋ ಅಂಗಿಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಅದು ವಿನೋದ; ವಿನೋದಕ್ಕೂ ಬಾಳಿನಲ್ಲಿ ಎಡೆಯಿದೆ, ಅಷ್ಟೇ.

ಆದರೆ ಈಚೆಗೆ ಒಂದು ಉಪಯೋಗ ಒದಗಿದೆ. ಕಬ್ಬಿಣದ ಬಾಣಲೆ, ಕಾವಲಿಗಳಿಗೆ ಹಿಡಿದ ಸೀಕನ್ನು ಉಜ್ಜಲು ಕೊಂಡಿಯ ಹೆಣಿಗೆ ಬಹಳ ಚೆನ್ನಾಗಿ ಸಲ್ಲುತ್ತದೆ. ಬಾಗುವುದರಿಂದ ತಳದ ತಿರುವಿಗೂ ಹೊಂದುತ್ತದೆ. ಸತುವು ಲೇಪಿತ ತಂತಿ ಅಡುಗೆಯ ಪಾತ್ರೆಗೆ ತಕ್ಕುದಲ್ಲವಾದುದರಿಂದ ತುಕ್ಕು ಹಿಡಿಯದ ಉಕ್ಕಿನ ತಂತಿ ತಂದು, ಅಂಗೈಯಗಲದ ಆರು ತುಂಡುಗಳನ್ನು ಹೆಣೆದು ದಾಸೋಹದ ಮನೆಗೆ ಕೊಟ್ಟಿದ್ದೇನೆ. ಅಂಗಿಯ ಎಡತೋಳು ಹಾಗೆಯೇ ನಿಂತಿದೆ. ಕಂಕುಳಿನ ಬಳಿ ಹೆಣಿಗೆಯನ್ನು ಓರೆಯಾಗಿ ಕೂಡಿಸುವ ಬಗೆ ಇನ್ನೂ ಕೈಗೆ ಹತ್ತಿಲ್ಲ. ದಾಸೋಹದ ಮನೆಯ ಅಕ್ಕನವರು ಇನ್ನೂ ನಾಲ್ಕು ತುಂಡು ಬೇಕೆಂದು ಹೇಳಿ ಕಳುಹಿಸಿದ್ದಾರೆ. ಕಲಾಯಿ ಹಾಕಿದ ಹಿತ್ತಾಳೆಯ ಕೊಪ್ಪರಿಗೆಗಳಿಗೆ ಮಾತ್ರ ಅದನ್ನು ತಾಗಿಸಬಾರದೆಂದು ಬಚ್ಚಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದ್ದಾರೆ.