ತಾತನ ಶ್ರೀಶೈಲ ನಡಿಗೆ

ನಮ್ಮ ತಾತ ತುಂಗಭದ್ರಾ ಕಾಲುವೆಯ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಎಲ್ಲರೂ ಅವರಿಗೆ ಹೇಳುತ್ತಿದ್ದುದು ಒಂದೇ ಮಾತು, "ಇನ್ನು ಸುಮ್ನೆ ಕುಂದ್ರು." ಬಿಸಿಲಿಗೆ ಹೋಗಬ್ಯಾಡ, ಸೈಕಲ್ ಹತ್ತಬ್ಯಾಡ, ಹೊಲದ ಚಿಂತಿ ನಿನಗ್ಯಾಕ. ಕಟ್ಟೆ ಮೇಲೆ ಕುಂತು ಕುಂತು ತಾತ ಮಾತನ್ನೇ ಕಮ್ಮಿ ಮಾಡಿದ್ದರು. ಅಂಥವರು 66ನೇ ವಯಸ್ಸಿನಲ್ಲಿ, 2025ರ ಯುಗಾದಿಗೆ, ಶ್ರೀಶೈಲಕ್ಕೆ ನಡೆದು ಹೋದರು.

ನಮ್ಮ ಕಂಪ್ಲಿ ಕಡೆಯಿಂದ ಯುಗಾದಿಗೆ ಮುಂಚೆ ಜನ ಗುಂಪು ಕಟ್ಟಿಕೊಂಡು ಮಲ್ಲಯ್ಯನ ದರ್ಶನಕ್ಕೆ ನಡೆಯುವುದು ನಿಮಗೆಲ್ಲ ಗೊತ್ತೇ ಇದೆ. ಕೆಲವರು ಕಂಬಿ ಹೊರುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ, ಅದು ಹೇಗೋ ನನಗೆ ಇನ್ನೂ ತಿಳಿದಿಲ್ಲ. ಭ್ರಮರಾಂಬ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ ಅಂತ ನಮ್ಮವರ ನಂಬಿಕೆ. ಅದಕ್ಕೇ ಹಬ್ಬಕ್ಕೆ ಮಗಳಿಗೆ ಸೀರೆ, ಕುಪ್ಪಸ, ಅರಿಶಿನ ಕುಂಕುಮ, ಬಳೆ ಒಯ್ಯುತ್ತಾರೆ.

ತಾತನಿಗೆ ಈ ಯೋಚನೆ ಹುಟ್ಟಿದ್ದು ಡ್ಯಾಮಿನಿಂದ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆಗ ನಾನೂ ತಾತನೂ ಹೊಳೆ ನೋಡಲು ಹೋಗಿದ್ದೆವು. "ಇಷ್ಟು ನೀರು ಎಲ್ಲಿಗೆ ಹೋಗ್ತೈತಿ ತಾತ?" ಅಂದೆ. "ಮಂತ್ರಾಲಯ, ಕರ್ನೂಲು ದಾಟಿ ಕೃಷ್ಣಾ ನದಿ ಸೇರಿ, ಶ್ರೀಶೈಲದ ಡ್ಯಾಮಿಗೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನೀರು ಹೋಗ್ತೈತಿ, ನಾನು ಹೋಗಬಾರದೇನು?" ಅಂದರು.

ಮನೆಯಲ್ಲಿ ದೊಡ್ಡ ಜಗಳವಾಯಿತು. "ಅಪ್ಪಾ, ನಿನ್ನ ಮೊಣಕಾಲು ನೋಡಿಕೋ" ಅಂತ ನಮ್ಮಪ್ಪ. ಅಜ್ಜಿ ಅಂತೂ ಎರಡು ದಿನ ಮಾತೇ ಆಡಲಿಲ್ಲ. ತಾತ ಯಾರಿಗೂ ಎದುರು ಹೇಳದೆ ಸಂಕ್ರಾಂತಿ ಮುಗಿದ ಮೇಲೆ ಬೆಳಿಗ್ಗೆ ಕಾಲುವೆ ದಂಡೆ ಮೇಲೆ ನಡೆಯಲು ಶುರು ಮಾಡಿದರು. ಎರಡು ಭಾನುವಾರ ನನ್ನನ್ನೂ ಹಂಪಿಗೆ ಕರೆದುಕೊಂಡು ಹೋಗಿ, ಐದು ಕಿಲೋ ಅಕ್ಕಿ ಬೆನ್ನಿಗೆ ಕಟ್ಟಿಕೊಂಡು ಮಾತಂಗ ಬೆಟ್ಟ ಹತ್ತಿದರು. ನನಗೇ ಏದುಸಿರು ಬಂತು. ಅವರು ಮೇಲೆ ನಿಂತು ವಿರೂಪಾಕ್ಷನ ಗೋಪುರ ತೋರಿಸಿ, ಕೃಷ್ಣದೇವರಾಯ ಶ್ರೀಶೈಲದಲ್ಲೂ ಗೋಪುರ ಕಟ್ಟಿಸಿದ್ದಾನೆ ಅಂತ ಹೇಳುತ್ತಿದ್ದರು.

ಗುಂಪಿನಲ್ಲಿ ಹದಿನೇಳು ಜನ. ಸಂಡೂರಿನ ಕಡೆಯ ಒಬ್ಬ ಚಿಕ್ಕಮ್ಮನೂ ಇದ್ದರು. (ಮುನಿಸಿಕೊಂಡು ಹೋದ ಮಗ ಕುಮಾರಸ್ವಾಮಿಯನ್ನು ಹುಡುಕುತ್ತಾ ಶಿವಪಾರ್ವತಿಯರು ಕ್ರೌಂಚಗಿರಿಗೆ ಬಂದರು, ಅದೇ ಶ್ರೀಶೈಲ ಅಂತ ಕಥೆ. ನಮ್ಮ ಸಂಡೂರಿನವರು ಕುಮಾರಸ್ವಾಮಿ ಬೆಟ್ಟವನ್ನೂ ಕ್ರೌಂಚಗಿರಿ ಅನ್ನುತ್ತಾರೆ!) ಬೆಳಗಿನ ಜಾವ ಮೂರಕ್ಕೆ ಎದ್ದು ನಡೆಯುವುದು, ಮಧ್ಯಾಹ್ನ ಮರದ ನೆರಳು, ರಾತ್ರಿ ಗುಡಿ ಇಲ್ಲವೇ ಶಾಲೆ. ಸಿರುಗುಪ್ಪ, ಆದೋನಿ, ಎಮ್ಮಿಗನೂರು, ಕರ್ನೂಲು, ಆತ್ಮಕೂರು. ದಾರಿಯುದ್ದಕ್ಕೂ ಜನ ಕರೆದು ಕರೆದು ಮಜ್ಜಿಗೆ, ಊಟ ಕೊಟ್ಟರಂತೆ. ಪಾದದಲ್ಲಿ ಬೊಬ್ಬೆ ಎದ್ದಿದ್ದನ್ನು ಮಾತ್ರ ತಾತ ಫೋನಿನಲ್ಲಿ ಹೇಳಲಿಲ್ಲ.

ವೆಂಕಟಾಪುರದಿಂದ ಫೋನ್ ಮಾಡಿ, "ಇನ್ನು ಅಡವಿ, ಸಿಗ್ನಲ್ ಸಿಗಲ್ಲ" ಅಂದರು. ಆಮೇಲೆ ಎರಡು ದಿನ ಏನೂ ಸುದ್ದಿಯಿಲ್ಲ. ಬ್ಯಾಡ ಬ್ಯಾಡ ಅಂದಿದ್ದ ಅಜ್ಜಿ ಫೋನಿನ ಪಕ್ಕ ಬಿಟ್ಟು ಏಳಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಆ ನಲ್ಲಮಲ ಅಡವಿ ದೇಶದ ಅತಿ ದೊಡ್ಡ ಹುಲಿ ಅಭಯಾರಣ್ಯಕ್ಕೆ ಸೇರಿದ್ದು ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಅಜ್ಜಿಗೆ ಹೇಳಲಿಲ್ಲ.

ಅಲ್ಲಿ ನಡೆದದ್ದು ಇದು. ನಾಗಲೂಟಿ, ಪೆದ್ದಚೆರುವು ದಾಟಿ ಭೀಮುನಿ ಕೊಲನು ಎಂಬ ಕಣಿವೆಗೆ ಇಳಿಯಬೇಕು. ಅಲ್ಲಿಂದ ಕೈಲಾಸದ್ವಾರದವರೆಗೆ ಬರೀ ಕಲ್ಲಿನ ಮೆಟ್ಟಿಲು, ಏರೇ ಏರು. ಕಣಿವೆಯಲ್ಲಿ ತಾತನ ಮೊಣಕಾಲು ಊದಿಕೊಂಡಿತು. "ನೀವು ನಡೀರಿ, ನಾನು ನಿಧಾನಕ್ಕೆ ಬರ್ತೀನಿ" ಅಂದರಂತೆ. ಒಬ್ಬರೂ ಕದಲಲಿಲ್ಲ. ಸಂಡೂರಿನ ಚಿಕ್ಕಮ್ಮ, "ಮಾವಾ, ಮಗಳ ಸೀರಿ ಹೊತ್ತುಕೊಂಡು ಅರ್ಧ ದಾರ್‍ಯಾಗ ಕುಂದ್ರತಾರೇನು?" ಅಂತ ತಾತನ ಗಂಟು ಬಿಚ್ಚಿ ಎಲ್ಲರಿಗೂ ಹಂಚಿಬಿಟ್ಟರು. ಸೀರೆ ಮಾತ್ರ ತಾತನ ಹೆಗಲಿಗೇ ಹಾಕಿದರು. ಹತ್ತು ಮೆಟ್ಟಿಲು ಹತ್ತುವುದು, ಕೂಡುವುದು. ಮತ್ತೆ ಹತ್ತು. ಬೇಗ ಹೋಗಬಲ್ಲ ಹುಡುಗರೂ ತಾತನ ಹಿಂದೆಯೇ ಹತ್ತಿದರು. ಕೈಲಾಸದ್ವಾರ ಮುಟ್ಟುವಾಗ ಕತ್ತಲಾಗಿತ್ತು.

"ಮನ್ಯಾಗ ಕುಂದ್ರು ಅಂದ್ರ ಅಲ್ಲೇ ಕುಂದ್ರು ಅಂತ. ಇವರು ಕುಂದ್ರು ಅಂದ್ರ ಆಮ್ಯಾಲೆ ಏಳು ಅಂತ" ಅಂದರು ತಾತ. ಅಪ್ಪ ಕೇಳಿಸಿಕೊಂಡು ಏನೂ ಮಾತಾಡಲಿಲ್ಲ.

ಬಸ್ಸಿನಲ್ಲಿ ವಾಪಸ್ ಬಂದ ತಾತನ ಕಾಲಿಗೆ ಅಜ್ಜಿ ಎಣ್ಣೆ ತಿಕ್ಕುತ್ತಾ, "ಮಗಳಿಗೆ ಕೊಟ್ಟ ಸೀರಿ ಯಾವ ಬಣ್ಣ?" ಅಂದಳು. "ಹಸಿರು." "ಅಂಚು?" ತಾತನಿಗೆ ನೆನಪಿರಲಿಲ್ಲ. "ಗಂಡಸರ ಕೈಯಾಗ ಕಳಿಸಿದ್ರ ಹಿಂಗ! ಮುಂದಿನ ಸಲ ನಾನೇ ಬರ್ತೀನಿ" ಅಂದಳು.